ಸಮಾಜಕಾರ್ಯದ ತರಗತಿಯಲ್ಲಿ ಕನ್‌ಫ್ಯೂಷಿಯಸ್‌ಗೆ ಏನು ಕೆಲಸ?

ಹಾಂಗ್‌ಕಾಂಗ್, ತೈಪೆ, ಸೋಲ್ ಕಡೆಯ ದೊಡ್ಡ ಆಸ್ಪತ್ರೆಗಳ ಸಮಾಜ ಕಾರ್ಯಕರ್ತರಿಗೆ ಈ ಸನ್ನಿವೇಶ ಬಾಯಿಪಾಠ. ವಯಸ್ಸಾದ ತಾಯಿಗೆ ಕ್ಯಾನ್ಸರ್. ರಿಪೋರ್ಟ್ ಬಂದಿದೆ. ಮಗ ಕಾರಿಡಾರ್‌ನಲ್ಲಿ ಪಕ್ಕಕ್ಕೆ ಕರೆದು ಹೇಳುತ್ತಾನೆ: "ಅಮ್ಮನಿಗೆ ಮಾತ್ರ ಹೇಳಬೇಡಿ. ಮುಂದೇನು ಅಂತ ಮನೆಯವರೇ ಕೂತು ತೀರ್ಮಾನ ಮಾಡ್ತೇವೆ." ನಮ್ಮ ಕಡೆಯವರಿಗೂ ಇದೇನು ಹೊಸದಲ್ಲ ಬಿಡಿ. ಆದರೆ ಆ ಕಾರ್ಯಕರ್ತೆ ಕಾಲೇಜಿನಲ್ಲಿ ಕಲಿತು ಬಂದ ಪಾಠವೇ ಬೇರೆ. ಕಾಯಿಲೆ ಯಾರದೋ ತೀರ್ಮಾನವೂ ಅವರದೇ. ಅವರ ಪರವಾಗಿ ಬೇರೆಯವರು ನಿರ್ಧಾರ ಮಾಡುವ ಹಾಗಿಲ್ಲ.

ಈ ಪಾಠದ ಊರು ಯಾವುದು? ಸಮಾಜಕಾರ್ಯ ಒಂದು ವೃತ್ತಿಯಾಗಿ ಬೆಳೆದದ್ದು ಇಂಗ್ಲೆಂಡ್ ಮತ್ತು ಅಮೆರಿಕದ ನಗರಗಳಲ್ಲಿ, ಚರ್ಚು ಮತ್ತು ದಾನ ಸಂಸ್ಥೆಗಳ ಆಸರೆಯಲ್ಲಿ. 1917ರಲ್ಲಿ ಮೇರಿ ರಿಚ್‌ಮಂಡ್ ಈ ಕೆಲಸಕ್ಕೆ ಒಂದು ವಿಧಾನ ಕೊಟ್ಟರು. 1957ರಲ್ಲಿ ಫೀಲಿಕ್ಸ್ ಬೀಸ್ಟೆಕ್ ಎಂಬ ಜೆಸ್ಯೂಟ್ ಪಾದ್ರಿ ಏಳು ತತ್ವಗಳನ್ನು ಬರೆದರು. ಸಹಾಯ ಕೇಳಿ ಬಂದವರ ಸ್ವ-ನಿರ್ಧಾರ, ಗುಟ್ಟು ಕಾಯುವುದು, ತಪ್ಪು ಸರಿ ಅಂತ ತೀರ್ಪು ಕೊಡದಿರುವುದು, ಹೀಗೆ. ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದಿದವರು ಇವನ್ನು ನಿದ್ದೆಯಲ್ಲೂ ಹೇಳುತ್ತಾರೆ. ತತ್ವಗಳೇನೋ ಒಳ್ಳೆಯವೇ. ಆದರೆ ಮನುಷ್ಯ ಮೊದಲು ಒಬ್ಬ ಸ್ವತಂತ್ರ ವ್ಯಕ್ತಿ, ಮನೆ ಮಠ ಸಂಬಂಧಗಳೆಲ್ಲ ಆಮೇಲೆ ಸೇರಿಕೊಂಡವು ಎಂಬ ನಂಬಿಕೆ ಇವುಗಳ ತಳದಲ್ಲಿದೆ.

ಚೀನಾಕ್ಕೆ ಈ ವಿದ್ಯೆ ಬಂದದ್ದು ಮಿಷನರಿಗಳ ಜೊತೆ. 1921ರಲ್ಲಿ ಬೀಜಿಂಗ್‌ನ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಐಡಾ ಪ್ರುಯಿಟ್ ಸಮಾಜ ಸೇವಾ ವಿಭಾಗ ಶುರು ಮಾಡಿದರು. ಆಕೆ ಅಮೆರಿಕನ್ ಮಿಷನರಿಗಳ ಮಗಳು. ಆದರೆ ಹುಟ್ಟಿ ಬೆಳೆದದ್ದು ಶಾನ್‌ಡಾಂಗ್‌ನಲ್ಲಿ, ಅಂದರೆ ಪ್ರಾಚೀನ ಚೀನಾದ ತತ್ತ್ವಜ್ಞಾನಿ ಕನ್‌ಫ್ಯೂಷಿಯಸ್‌ನ ಪ್ರಾಂತ್ಯದಲ್ಲೇ. ಮರುವರ್ಷ ಯೆನ್‌ಚಿಂಗ್ ವಿಶ್ವವಿದ್ಯಾಲಯದಲ್ಲಿ ತರಗತಿಗಳೂ ಶುರುವಾದವು. 1952ರಲ್ಲಿ ಕಮ್ಯುನಿಸ್ಟ್ ಸರ್ಕಾರ ಸಮಾಜಶಾಸ್ತ್ರ, ಸಮಾಜಕಾರ್ಯ ಎರಡನ್ನೂ ಕಾಲೇಜುಗಳಿಂದ ತೆಗೆದು ಹಾಕಿತು. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಮತ್ತೆ ಬಾಗಿಲು ತೆರೆದದ್ದು 1980ರ ದಶಕದ ಕೊನೆಗೆ. 2006ರಲ್ಲಿ ಪಕ್ಷವೇ 'ಸಮಾಜ ಕಾರ್ಯಕರ್ತರ ದೊಡ್ಡ ಪಡೆ ಬೇಕು' ಎಂದು ತೀರ್ಮಾನಿಸಿತು. ಅಂದಿನಿಂದ ಅಲ್ಲಿ ಕೋರ್ಸುಗಳದೇ ಸುಗ್ಗಿ. ಮಧ್ಯದ ಖಾಲಿ ವರ್ಷಗಳಲ್ಲಿ ಹಾಂಗ್‌ಕಾಂಗ್, ತೈವಾನ್, ಕೊರಿಯಾ ಈ ವಿದ್ಯೆಯನ್ನು ಉಳಿಸಿಕೊಂಡವು. (ಮುಂಬೈಯಲ್ಲಿ ಭಾರತದ ಮೊದಲ ಸಮಾಜಕಾರ್ಯ ಶಾಲೆಯನ್ನು 1936ರಲ್ಲಿ ಕಟ್ಟಿದವರೂ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಎಂಬ ಅಮೆರಿಕನ್ ಮಿಷನರಿಯೇ. ಹಾಗಾಗಿ ಎರವಲು ಪಾಠದ ಕಸಿವಿಸಿ ನಮಗೂ ಗೊತ್ತು.)

ಎರವಲು ಅಂಗಿ ಮೈಗೆ ಕೂರುತ್ತಿಲ್ಲ ಎಂದು ಪೂರ್ವ ಏಷ್ಯಾದ ವಿದ್ವಾಂಸರಿಗೆ ಅನ್ನಿಸತೊಡಗಿದಾಗ ಅವರು ತಿರುಗಿ ನೋಡಿದ್ದು ಕನ್‌ಫ್ಯೂಷಿಯಸ್ ಕಡೆಗೆ. ಹಾಂಗ್‌ಕಾಂಗ್‌ನ ನೆಲ್ಸನ್ ಚೌ 1980ರ ದಶಕದಲ್ಲೇ ಸಮಾಜ ಕಲ್ಯಾಣದ ಬಗ್ಗೆ ಚೀನೀ ಮತ್ತು ಪಶ್ಚಿಮದ ವಿಚಾರಗಳು ಹೇಗೆ ಬೇರೆ ಎಂದು ಬರೆದರು. 2014ರಲ್ಲಿ ಸಮಾಜಕಾರ್ಯದ ಜಾಗತಿಕ ವ್ಯಾಖ್ಯೆಗೇ 'ಸ್ಥಳೀಯ ಜ್ಞಾನ' ಎಂಬ ಮಾತು ಸೇರಿತು. ಇವತ್ತು ಈ ವಿಷಯದ ಮೇಲೆ ರಾಶಿ ಬರಹ ಇದೆ. ಅದರಲ್ಲಿ ಜೊಳ್ಳೂ ಇದೆ. 'ಚೀನಿಯರು ಹಿರಿಯರಿಗೆ ಗೌರವ ಕೊಡುತ್ತಾರೆ, ಮನಸ್ಸು ಬಿಚ್ಚಿ ಮಾತಾಡುವುದಿಲ್ಲ, ಮಾನಕ್ಕೆ ಅಂಜುತ್ತಾರೆ' ಎಂದು ಪಟ್ಟಿ ಮಾಡಿ, ಇದೇ ಕನ್‌ಫ್ಯೂಷಿಯನ್ ಸಂಸ್ಕೃತಿ ಎನ್ನುವ ಬರಹಗಳು ಬಹಳ. ಕ್ಲೈಂಟ್ ಅನ್ನು ಅರ್ಥ ಮಾಡಿಕೊಳ್ಳಲು ಒಂದು ಗೈಡ್ ಪುಸ್ತಕ ಅನ್ನೋ ಹಾಗೆ. ನನಗೆ ಅದರಲ್ಲಿ ಅಷ್ಟು ರುಚಿ ಇಲ್ಲ. ಹಳೆಯ ಪಠ್ಯಗಳನ್ನು ನೇರವಾಗಿ ಓದಿದರೆ ಅವು ಸಹಾಯ ಕೇಳಿ ಬಂದವರ ಬಗ್ಗೆ ಹೇಳುವುದು ಕಡಿಮೆ. ಸಹಾಯ ಮಾಡುವವನು ಹೇಗಿರಬೇಕು, ಆಳುವವನು ಏನು ಮಾಡಬೇಕು ಅನ್ನುವುದೇ ಅಲ್ಲಿ ಜಾಸ್ತಿ.

ಕುರುಡು ಸಂಗೀತಗಾರ ಬಂದಾಗ

ಕನ್‌ಫ್ಯೂಷಿಯಸ್ ಬದುಕಿದ್ದು ಕ್ರಿ.ಪೂ. 551ರಿಂದ 479ರವರೆಗೆ, ಲು ಎಂಬ ಸಣ್ಣ ರಾಜ್ಯದಲ್ಲಿ. ಅವನ ಮಾತುಗಳನ್ನು ಶಿಷ್ಯರು, ಶಿಷ್ಯರ ಶಿಷ್ಯರು ಸೇರಿಸಿ ಇಟ್ಟ ಪುಸ್ತಕ 'ಲುನ್‌ಯು'. 20 ಅಧ್ಯಾಯ, ಎಲ್ಲ ತುಂಡು ತುಂಡು ಮಾತು. ಅದರ 15ನೇ ಅಧ್ಯಾಯದ ಕೊನೆಯಲ್ಲಿ ಒಂದು ಪುಟ್ಟ ಪ್ರಸಂಗ ಇದೆ.

ಮಿಯೆನ್ ಎಂಬ ಸಂಗೀತಗಾರ ನೋಡಲು ಬರುತ್ತಾನೆ. ಆ ಕಾಲದಲ್ಲಿ ಆಸ್ಥಾನದ ಸಂಗೀತಗಾರರು ಸಾಮಾನ್ಯವಾಗಿ ಕುರುಡರು. ಮೆಟ್ಟಿಲ ಹತ್ತಿರ ಬಂದಾಗ ಕನ್‌ಫ್ಯೂಷಿಯಸ್, "ಇಲ್ಲಿ ಮೆಟ್ಟಿಲಿದೆ" ಅನ್ನುತ್ತಾನೆ. ಚಾಪೆಯ ಹತ್ತಿರ ಬಂದಾಗ, "ಇಲ್ಲಿ ಚಾಪೆ ಇದೆ". ಎಲ್ಲರೂ ಕೂತ ಮೇಲೆ, "ಇಂಥವರು ಇಲ್ಲಿದ್ದಾರೆ, ಇಂಥವರು ಅಲ್ಲಿದ್ದಾರೆ" ಎಂದು ಹೆಸರು ಹೇಳುತ್ತಾನೆ. ಮಿಯೆನ್ ಹೊರಟ ಮೇಲೆ ಒಬ್ಬ ಶಿಷ್ಯ ಕೇಳುತ್ತಾನೆ: "ಸಂಗೀತಗಾರರ ಜೊತೆ ಮಾತಾಡುವ ರೀತಿ ಇದೇನಾ?" "ಹೌದು," ಅನ್ನುತ್ತಾನೆ ಗುರು, "ಸಂಗೀತಗಾರರಿಗೆ ನೆರವಾಗುವ ರೀತಿ ಇದೇ."

ಅಷ್ಟೇ ಕತೆ. ಆದರೆ ಒಳಗೆ ಏನೇನಿದೆ ನೋಡಿ. ಅಯ್ಯೋ ಪಾಪ ಎಂಬ ಮಾತೇ ಇಲ್ಲ. ಕೈ ಹಿಡಿದು ಎಳೆದುಕೊಂಡು ಹೋಗುವುದೂ ಇಲ್ಲ. ಆ ಕ್ಷಣಕ್ಕೆ ಬೇಕಾದ ಮಾಹಿತಿ ಮಾತ್ರ, ಬೇಕಾದ ಕ್ರಮದಲ್ಲಿ. ಕಣ್ಣಿದ್ದವರಿಗೆ ಕೋಣೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿರುತ್ತದೆ. ಅವನಿಗೂ ಗೊತ್ತಿರಲಿ, ಎಲ್ಲರ ಸಮನಾಗಿ ಅವನೂ ಮಾತಾಡಲಿ ಎಂಬ ಎಚ್ಚರ ಅಲ್ಲಿದೆ. ಅಂಗವೈಕಲ್ಯದ ಬಗ್ಗೆ ಇವತ್ತು ಕೆಲಸ ಮಾಡುವವರು ಕೇಳುವುದೂ ಇದನ್ನೇ ಅಲ್ವಾ?

ಕನ್‌ಫ್ಯೂಷಿಯಸ್ ಬಗ್ಗೆ ಓದುವಾಗ ಎದುರಾಗುವ ಎರಡು ದೊಡ್ಡ ಪದಗಳು ಈ ಪ್ರಸಂಗದಲ್ಲೇ ಸಿಗುತ್ತವೆ. ಒಂದು 'ರೆನ್', ಇನ್ನೊಬ್ಬರ ಬಗ್ಗೆ ಇರುವ ಮನುಷ್ಯತ್ವ. ಇನ್ನೊಂದು 'ಲಿ', ಅಂದರೆ ಪೂಜೆ, ಶಿಷ್ಟಾಚಾರ, ನಡವಳಿಕೆ ಎಲ್ಲ ಸೇರಿದ ರೀತಿ-ರಿವಾಜು. ಮನಸ್ಸಿನೊಳಗಿನ ಮನುಷ್ಯತ್ವ ಸುಮ್ನೆ ಒಳಗೇ ಇದ್ದರೆ ಪ್ರಯೋಜನವಿಲ್ಲ. ಮೆಟ್ಟಿಲು ಎಲ್ಲಿದೆ ಎಂದು ಹೇಳುವ ರೂಪದಲ್ಲಿ ಅದು ಹೊರಗೆ ಬರಬೇಕು. ರೀತಿ-ರಿವಾಜು ಇದ್ದು ಮನಸ್ಸಿಲ್ಲದಿದ್ದರೆ ಅದೂ ಒಣ ನಾಟಕ. ತಂದೆತಾಯಿಗೆ ಊಟ ಹಾಕುವುದೇ ಸೇವೆ ಎಂದವರಿಗೆ ಅವನು ಕೇಳಿದ ಪ್ರಶ್ನೆ ಕಟುವಾದದ್ದು: ನಾಯಿಗೂ ಕುದುರೆಗೂ ಊಟ ಹಾಕುತ್ತೇವೆ, ಗೌರವವೇ ಇಲ್ಲದಿದ್ದರೆ ವ್ಯತ್ಯಾಸ ಏನು? ವೃದ್ಧಾಶ್ರಮಗಳ ಗುಣಮಟ್ಟದ ಬಗ್ಗೆ ಇದಕ್ಕಿಂತ ಚಿಕ್ಕ ವಿಮರ್ಶೆ ಸಿಗುವುದು ಕಷ್ಟ. ಕೊರಿಯಾದ ಸುಂಗ್ ಕ್ಯು-ಟೇಕ್ ಹಿರಿಯರ ಆರೈಕೆಯ ಅಧ್ಯಯನದಲ್ಲಿ 'ಗೌರವ'ವನ್ನೇ ಮುಖ್ಯ ವಸ್ತು ಮಾಡಿಕೊಂಡದ್ದು ಈ ಪರಂಪರೆಯಿಂದ. ನಮಸ್ಕಾರ, ಮಾತಿನ ಧಾಟಿ, ಕೂರಿಸುವ ಜಾಗ, ಸಲಹೆ ಕೇಳುವುದು, ಹೀಗೆ ಗೌರವ ಯಾವ ಯಾವ ರೂಪದಲ್ಲಿ ಕಾಣಿಸುತ್ತದೆ ಎಂದು ಅವರು ವಿಂಗಡಿಸಿ ನೋಡಿದರು.

ದೇವರ ಸುದ್ದಿಯೇ ಇಲ್ಲ, ಮತ್ತೆ ಅಧ್ಯಾತ್ಮ ಎಲ್ಲಿ?

ಇಲ್ಲಿ ಓದುಗರು ತಡೆದು ಕೇಳಬಹುದು. ಇದೆಲ್ಲ ನೀತಿಪಾಠ ಆಯಿತು, ಇದರಲ್ಲಿ ಅಧ್ಯಾತ್ಮ ಏನಿದೆ? ಪ್ರಶ್ನೆ ಸರಿಯಾಗೇ ಇದೆ. ದೆವ್ವ-ದೇವತೆಗಳ ಸೇವೆ ಹೇಗೆ ಎಂದು ಶಿಷ್ಯ ಕೇಳಿದರೆ, ಮನುಷ್ಯರ ಸೇವೆಯೇ ಇನ್ನೂ ಬರುತ್ತಿಲ್ಲ, ದೇವತೆಗಳದ್ದು ಹೇಗೆ ಎಂದವನು ಕನ್‌ಫ್ಯೂಷಿಯಸ್. ಸಾವಿನ ಬಗ್ಗೆ ಕೇಳಿದರೆ, ಬದುಕೇ ತಿಳಿದಿಲ್ಲ, ಸಾವು ಹೇಗೆ ತಿಳಿದೀತು ಎಂದ. ಆದರೆ ಇದೇ ಮನುಷ್ಯ ಪೂರ್ವಿಕರಿಗೆ ಎಡೆ ಇಡುವಾಗ ಅವರು ಎದುರಿಗೇ ಇದ್ದಾರೆ ಎನ್ನುವ ಹಾಗೆ ಇಡುತ್ತಿದ್ದ. ಕೊಲ್ಲಲು ಬಂದವರ ಎದುರು, ನನ್ನೊಳಗಿನ ಗುಣವನ್ನು ಕೊಟ್ಟದ್ದು ಆಕಾಶ, ಇವನು ನನಗೇನು ಮಾಡಿಯಾನು ಎಂದ. ಚೀನಿಯರ 'ಟಿಯೆನ್', ಅಂದರೆ ಆಕಾಶ, ವರ ಕೊಡುವ ದೇವರಲ್ಲ. ಆದರೆ ಖಾಲಿ ಬಯಲೂ ಅಲ್ಲ.

ಸಮಾಜಕಾರ್ಯದಲ್ಲಿ ಅಧ್ಯಾತ್ಮದ ಚರ್ಚೆಗೆ ಗಟ್ಟಿ ಜಾಗ ಮಾಡಿಕೊಟ್ಟವರಲ್ಲಿ ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಎಡ್ವರ್ಡ್ ಕ್ಯಾಂಡಾ ಮುಖ್ಯರು. 1990ರಲ್ಲಿ ಇದಕ್ಕಾಗಿಯೇ ಒಂದು ಸಂಘ ಕಟ್ಟಿದರು. ಅವರು ಹರೆಯದಲ್ಲಿ ಕೊರಿಯಾದಲ್ಲಿದ್ದು ಪೂರ್ವ ಏಷ್ಯಾದ ತತ್ತ್ವ ಓದಿದವರು. ಆಮೇಲೆ ಕನ್‌ಫ್ಯೂಷಿಯನ್ ಗ್ರಂಥಗಳ ಬಗ್ಗೆಯೂ, ತಂದೆತಾಯಿಯ ಸೇವೆ ಎಂಬ ಆದರ್ಶದ ಬಗ್ಗೆಯೂ ಸಮಾಜಕಾರ್ಯದ ಪತ್ರಿಕೆಗಳಲ್ಲಿ ಬರೆದರು. ಅವರ ಪ್ರಕಾರ ಅಧ್ಯಾತ್ಮ ಎಂದರೆ ಬದುಕಿನ ಅರ್ಥ, ಗುರಿ, ನೀತಿಗಳ ಹುಡುಕಾಟ. ಆ ಹುಡುಕಾಟ ನಡೆಯುವುದು ತನ್ನ ಜೊತೆ, ಜನರ ಜೊತೆ, ಜೀವಿಗಳ ಜೊತೆ, ವಿಶ್ವದ ಜೊತೆಗಿನ ಸಂಬಂಧಗಳಲ್ಲಿ. ಧರ್ಮ ಅದರ ಒಂದು ರೂಪ ಮಾತ್ರ. ಈ ವ್ಯಾಖ್ಯೆಯ ಬಾಗಿಲಿನಿಂದ ಕನ್‌ಫ್ಯೂಷಿಯಸ್ ಸಲೀಸಾಗಿ ಒಳಗೆ ಬಂದ.

ಹಾರ್ವರ್ಡ್‌ನಲ್ಲಿ ಬಹಳ ಕಾಲ ಪಾಠ ಮಾಡಿದ ತು ವೆಯ್‌ಮಿಂಗ್ ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ದರು. ಅವರ ವಾದ ಹೀಗೆ: ಕನ್‌ಫ್ಯೂಷಿಯನ್ ದಾರಿಯಲ್ಲಿ 'ನಾನು' ಎಂದರೆ ಒಂಟಿ ವ್ಯಕ್ತಿಯಲ್ಲ, ಹಲವು ಸಂಬಂಧಗಳು ಸೇರುವ ಜಾಗ. ತನ್ನನ್ನು ತಾನು ತಿದ್ದಿಕೊಳ್ಳುವುದು ಅಂದರೆ ಆ ಸಂಬಂಧಗಳ ವ್ಯಾಪ್ತಿ ಹಿಗ್ಗಿಸುತ್ತ ಹೋಗುವುದು. ಮನೆ, ಊರು, ದೇಶ, ಕೊನೆಗೆ ಆಕಾಶ-ಭೂಮಿ. ಬೆಟ್ಟಕ್ಕೆ ಹೋಗಿ ತಪಸ್ಸು ಮಾಡುವ ಮಾತಿಲ್ಲ. ಅತ್ತೆ-ಸೊಸೆ, ಅಪ್ಪ-ಮಗ, ಅಕ್ಕಪಕ್ಕದವರ ನಡುವೆಯೇ ಸಾಧನೆ ನಡೆಯಬೇಕು. (ಬೆಟ್ಟವೇ ಸುಲಭ ಅನ್ನಿಸಿದರೆ ಆಶ್ಚರ್ಯವಿಲ್ಲ.)

11ನೇ ಶತಮಾನದ ಕನ್‌ಫ್ಯೂಷಿಯನ್ ಚಿಂತಕ ಚಾಂಗ್ ತ್ಸಾಯ್ ಬರೆದು ಗೋಡೆಗೆ ಹಾಕಿಕೊಂಡಿದ್ದ ಒಂದು ಚಿಕ್ಕ ಬರಹ ಈ ಮಾತಿನ ಸಾರ. ಆಕಾಶ ನನ್ನ ತಂದೆ, ಭೂಮಿ ನನ್ನ ತಾಯಿ, ಜನರೆಲ್ಲ ಒಡಹುಟ್ಟಿದವರು, ಮಿಕ್ಕ ಎಲ್ಲವೂ ಸಂಗಾತಿಗಳು ಎಂದು ಅದು ಶುರುವಾಗುತ್ತದೆ. ಇಷ್ಟೇ ಆಗಿದ್ದರೆ ಚೆಂದದ ಕವಿತೆ ಎಂದು ಬಿಡಬಹುದಿತ್ತು. ಆದರೆ ಅವನು ಅಲ್ಲಿಗೆ ನಿಲ್ಲುವುದಿಲ್ಲ. ಸೋತವರು, ಅಂಗವಿಕಲರು, ರೋಗಿಗಳು, ಅಣ್ಣತಮ್ಮಂದಿರಿಲ್ಲದವರು, ಮಕ್ಕಳಿಲ್ಲದವರು, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರು, ಇವರೆಲ್ಲ ಹೇಳಿಕೊಳ್ಳಲು ಯಾರೂ ಇಲ್ಲದೆ ಕಷ್ಟದಲ್ಲಿರುವ ನನ್ನದೇ ಒಡಹುಟ್ಟಿದವರು ಎನ್ನುತ್ತಾನೆ. ಇದು ಹೆಚ್ಚುಕಮ್ಮಿ ಒಂದು ಸಮಾಜ ಕಲ್ಯಾಣ ಇಲಾಖೆಯ ಫಲಾನುಭವಿಗಳ ಪಟ್ಟಿ. ಆದರೆ ಅದು ನಿಂತಿರುವುದು ವಿಶ್ವವೇ ಒಂದು ಮನೆ ಎಂಬ ದರ್ಶನದ ಮೇಲೆ.

ಈ ಅಧ್ಯಾತ್ಮ ಕೆಲಸಕ್ಕೆ ಬರುವುದು ಹೇಗೆ ಎಂದು ತಿಳಿಯಲು ಶೋಕದ ವಿಷಯ ತೆಗೆದುಕೊಳ್ಳೋಣ. ತಂದೆ ಅಥವಾ ತಾಯಿ ತೀರಿಕೊಂಡರೆ ಮೂರು ವರ್ಷದ ಸೂತಕ ಎಂಬುದು ಆ ಕಾಲದ ರೂಢಿ. ತ್ಸಾಯ್ ವೋ ಎಂಬ ಶಿಷ್ಯ ತಕರಾರು ತೆಗೆಯುತ್ತಾನೆ. ಮೂರು ವರ್ಷ ಜಾಸ್ತಿ ಆಯಿತು, ಒಂದು ವರ್ಷ ಸಾಲದೇ? ಕನ್‌ಫ್ಯೂಷಿಯಸ್ ಶಾಸ್ತ್ರ ಹೇಳುವುದಿಲ್ಲ. "ಒಳ್ಳೆಯ ಅನ್ನ ಉಂಡು, ರೇಷ್ಮೆ ಉಟ್ಟರೆ ನಿನಗೆ ನೆಮ್ಮದಿಯಾಗಿರುತ್ತದೆಯೇ?" ಎಂದು ಕೇಳುತ್ತಾನೆ. "ಇರುತ್ತದೆ" ಎನ್ನುತ್ತಾನೆ ಶಿಷ್ಯ. "ಹಾಗಿದ್ದರೆ ಮಾಡು." ಅವನು ಹೋದ ಮೇಲೆ ಗುರು ನೊಂದು ಹೇಳುತ್ತಾನೆ: ಮಗು ತಂದೆತಾಯಿಯ ತೋಳಿನಿಂದ ಇಳಿಯಲು ಮೂರು ವರ್ಷ ಬೇಕು, ಇವನಿಗೆ ಆ ಮೂರು ವರ್ಷದ ಪ್ರೀತಿ ಸಿಕ್ಕಿರಲಿಲ್ಲವೇ?

ಪಶ್ಚಿಮದ ಆಪ್ತಸಮಾಲೋಚನೆ ಬಹಳ ಕಾಲ ಹೇಳಿದ್ದು ಬೇರೆ. 1917ರ ಫ್ರಾಯ್ಡ್ ಬರಹದಿಂದ ಬಂದ ಜಾಡು ಅದು. ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅದು ಕಾಯಿಲೆ. ಗೋಡೆಯ ಫೋಟೋಗೆ ದಿನವೂ ಕೈ ಮುಗಿದು ಮಾತಾಡುವ ವಿಧವೆ ಆ ಲೆಕ್ಕದಲ್ಲಿ 'ಒಪ್ಪಿಕೊಳ್ಳದ' ರೋಗಿ. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಸತ್ತವರ ಜೊತೆ ಸಂಬಂಧ ಮುಂದುವರಿಯುವುದು ಸಹಜ, ಆರೋಗ್ಯಕರವೂ ಹೌದು ಎಂದು ವಾದಿಸಿದರು. ಆ ವಾದಕ್ಕೆ ಕ್ಲಾಸ್ ಆಧಾರವಾಗಿ ನೋಡಿದ್ದರಲ್ಲಿ ಜಪಾನಿನ ಪಿತೃಪೂಜೆಯೂ ಒಂದು. ಇವತ್ತು ಪೂರ್ವ ಏಷ್ಯಾದ ಸಮಾಜ ಕಾರ್ಯಕರ್ತೆ ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬದಲ್ಲಿ ಸಮಾಧಿ ಗುಡಿಸುವುದನ್ನು ಶೋಕದ ಚಿಕಿತ್ಸೆಯ ಭಾಗವಾಗಿ ನೋಡಬಲ್ಲಳು. ಸಂಕಟ ಏನು ಎಂದು ಕೇಳುವ ಬದಲು ಈ ವರ್ಷ ಎಡೆಗೆ ಏನಿಡುತ್ತೀರಿ ಎಂದು ಕೇಳಬಲ್ಲಳು. ಮಾತು ತಾನಾಗಿ ಬರುತ್ತದೆ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಸಿಸಿಲಿಯಾ ಚಾನ್ ತಂಡ ದೇಹ-ಮನಸ್ಸು-ಚೈತನ್ಯ ಮೂರನ್ನೂ ಸೇರಿಸಿ ಬೆಳೆಸಿದ ಚಿಕಿತ್ಸಾ ವಿಧಾನಕ್ಕೂ ಚೀನೀ ವೈದ್ಯ, ದಾವೋ, ಬೌದ್ಧ ವಿಚಾರಗಳ ಜೊತೆ ಕನ್‌ಫ್ಯೂಷಿಯನ್ ನೀರೂ ಹರಿದು ಬಂದಿದೆ.

ಮೊದಲು ನೀನು ಸರಿಯಾಗು

ಇಲ್ಲಿಂದ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಜಾಗಕ್ಕೆ ಬರೋಣ. ಶಿಷ್ಯ ತ್ಸೆಂಗ್ ತ್ಸು ದಿನಾ ತನ್ನನ್ನು ಮೂರು ಪ್ರಶ್ನೆ ಕೇಳಿಕೊಳ್ಳುತ್ತಿದ್ದನಂತೆ. ಇನ್ನೊಬ್ಬರ ಕೆಲಸಕ್ಕೆ ನಿಂತಾಗ ನಿಷ್ಠೆ ತಪ್ಪಿದೆನೇ? ಗೆಳೆಯರ ಜೊತೆ ಮಾತಿಗೆ ತಪ್ಪಿದೆನೇ? ಕಲಿತದ್ದನ್ನು ನಡೆಸದೆ ಬಿಟ್ಟೆನೇ? ಇವತ್ತು ಸಮಾಜಕಾರ್ಯದಲ್ಲಿ ಸೂಪರ್‌ವಿಷನ್ ಎಂಬ ಪದ್ಧತಿ ಇದೆ. ಕೇಸ್ ಮುಗಿದ ಮೇಲೆ ಹಿರಿಯರ ಎದುರು ಕೂತು, ನಾನು ಎಲ್ಲಿ ಎಡವಿದೆ, ಯಾಕೆ ಸಿಟ್ಟು ಬಂತು ಎಂದು ನೋಡುವುದು. ಬಹಳ ಕಡೆ ಅದು ಫಾರ್ಮ್ ತುಂಬುವ ಶಾಸ್ತ್ರ ಆಗಿದೆ. ಕನ್‌ಫ್ಯೂಷಿಯನ್ ಪಠ್ಯಗಳು ಅದನ್ನು ಕೆಲಸದ ತಂತ್ರ ಎಂದುಕೊಳ್ಳುವುದಿಲ್ಲ. ತನ್ನನ್ನು ತಿದ್ದಿಕೊಳ್ಳುವುದೇ ಬೇರು, ಮನೆ-ದೇಶ-ಜಗತ್ತನ್ನು ಸರಿ ಮಾಡುವುದೆಲ್ಲ ಅದರಿಂದ ಹುಟ್ಟುವುದು. ಯಾರೂ ನೋಡದಾಗಲೂ ಎಚ್ಚರವಾಗಿರು ಎನ್ನುತ್ತವೆ.

ಕನ್‌ಫ್ಯೂಷಿಯಸ್‌ನ ನಂತರ ಬಂದ, ಅವನದೇ ದಾರಿಯ ಚಿಂತಕ ಮೆನ್ಸಿಯಸ್ ಇದಕ್ಕೆ ಬೀಜ ಎಲ್ಲಿದೆ ಎಂದು ತೋರಿಸಿದ. ಮಗುವೊಂದು ಬಾವಿಗೆ ಬೀಳುವುದರಲ್ಲಿದೆ. ನೋಡಿದ ಯಾರಿಗೇ ಆಗಲಿ ಎದೆ ಝಲ್ ಅನ್ನುತ್ತದೆ. ಮಗುವಿನ ಅಪ್ಪನ ಸ್ನೇಹ ಸಿಗಲಿ ಎಂದಲ್ಲ, ಊರಲ್ಲಿ ಹೆಸರು ಬರಲಿ ಎಂದೂ ಅಲ್ಲ. ಆ ಝಲ್ ಎನ್ನುವುದು ಮನುಷ್ಯತ್ವದ ಮೊಳಕೆ, ಬೆಳೆಸಿದರೆ ಬೆಳೆಯುತ್ತದೆ, ಬಿಟ್ಟರೆ ಒಣಗುತ್ತದೆ. ಕರುಣೆಯ ಆಯಾಸದ ಬಗ್ಗೆ, ಅಂದರೆ ಕಷ್ಟ ನೋಡಿ ನೋಡಿ ಮನಸ್ಸು ಮರಗಟ್ಟುವುದರ ಬಗ್ಗೆ ಮಾತಾಡುವವರಿಗೆ ಇದು ಉಪಯೋಗದ ಮಾತು. ಕರುಣೆಯನ್ನು ಖರ್ಚಾಗುವ ದಾಸ್ತಾನು ಎಂದು ಮೆನ್ಸಿಯಸ್ ನೋಡುವುದಿಲ್ಲ.

ಇದರ ನಿಜವಾದ ರೂಪ ಬೇಕೆಂದರೆ ವಾಂಗ್ ಯಾಂಗ್‌ಮಿಂಗ್ ಕತೆ ನೋಡಬೇಕು. ಅರಿವು ಮತ್ತು ನಡೆ ಎರಡಲ್ಲ ಎಂದ ತತ್ತ್ವಜ್ಞಾನಿ ಅವನು. ಆಸ್ಥಾನದ ಪ್ರಬಲ ನಪುಂಸಕನೊಬ್ಬನನ್ನು ಎದುರು ಹಾಕಿಕೊಂಡು, ಚಡಿ ಏಟು ತಿಂದು, ನೈರುತ್ಯದ ಕಾಡುಮೇಡಿನ ಲಾಂಗ್‌ಚಾಂಗ್‌ಗೆ ಗಡೀಪಾರಾದ. 1509ರಲ್ಲಿ ರಾಜಧಾನಿಯ ಕಡೆಯಿಂದ ಬಂದ ಒಬ್ಬ ಸಣ್ಣ ಅಧಿಕಾರಿ, ಅವನ ಮಗ, ಒಬ್ಬ ಆಳು ಆ ದಾರಿಯಲ್ಲಿ ಹೋದರು. ಎರಡು ದಿನದೊಳಗೆ ಮೂವರೂ ದಾರಿಯಲ್ಲೇ ಸತ್ತರು. ವಾಂಗ್ ತನ್ನ ಜೊತೆಗಿದ್ದ ಇಬ್ಬರು ಹುಡುಗರಿಗೆ ಗುದ್ದಲಿ ತಗೊಂಡು ಬನ್ನಿ, ಹೂಳೋಣ ಎಂದ. ಹುಡುಗರು ಮುಖ ಸಿಂಡರಿಸಿದರು. "ನಾನೂ ನೀವೂ ಅವರಂತೆಯೇ" ಎಂದ ವಾಂಗ್. ಹುಡುಗರ ಕಣ್ಣಲ್ಲಿ ನೀರು ಬಂತು, ಹೊರಟರು. ಬೆಟ್ಟದ ಬುಡದಲ್ಲಿ ಮೂರು ಗುಂಡಿ ತೋಡಿದರು. ಒಂದು ಕೋಳಿ, ಮೂರು ಬಟ್ಟಲು ಅನ್ನ ಎಡೆ ಇಟ್ಟರು. ವಾಂಗ್ ಆ ಅಪರಿಚಿತನಿಗೆ, ನೀನು ಯಾರು, ಯಾರು ನೀನು ಎಂದು ಶುರುವಾಗುವ ಒಂದು ಶೋಕಪತ್ರ ಬರೆದು ಓದಿದ. ಸತ್ತವರ ಹೆಸರು ಅವನಿಗೆ ಗೊತ್ತೇ ಇರಲಿಲ್ಲ.

ಇನ್ನು ಕಾರಿಡಾರ್‌ನಲ್ಲಿ ಕಾಯುತ್ತಿರುವ ಆ ಮಗನ ವಿಷಯ. ಚೀನಾದ ಸಮಾಜಶಾಸ್ತ್ರಜ್ಞ ಫೆಯ್ ಶಿಯಾವೊತುಂಗ್ 1940ರ ದಶಕದಲ್ಲಿ ಹೇಳಿದಂತೆ ಚೀನೀ ಸಮಾಜದಲ್ಲಿ ಸಂಬಂಧಗಳು ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ. ಹತ್ತಿರದ ಅಲೆ ಗಟ್ಟಿ, ದೂರದ್ದು ತೆಳು. ಈ ನೋಟದಲ್ಲಿ ಅಮ್ಮನ ಕಾಯಿಲೆ ಅಮ್ಮನೊಬ್ಬಳದೇ ಆಗಿರುವುದಿಲ್ಲ. ಹಾಗಂತ ಮಗ ಹೇಳಿದ್ದೇ ಸರಿ ಎಂದು ತಲೆಯಾಡಿಸಿದರೆ ಅದೂ ಕನ್‌ಫ್ಯೂಷಿಯನ್ ಅಲ್ಲ. ನಿನಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ಮಾಡಬೇಡ ಎಂಬುದು ಲುನ್‌ಯುವಿನ ಹೆಸರಾಂತ ಮಾತು. ನಾಳೆ ನಿನಗೇ ಹೀಗಾದರೆ ನಿನ್ನ ಮಕ್ಕಳು ಮುಚ್ಚಿಡುವುದು ನಿನಗೆ ಇಷ್ಟವೇ ಎಂದು ಮಗನನ್ನೇ ಕೇಳಬಹುದು. ಅಮ್ಮನನ್ನು ಬೇರೆ ಕೂರಿಸಿಕೊಂಡು, ಎಷ್ಟು ತಿಳಿಯಬೇಕು ಅಂತ ನಿಮಗನ್ನಿಸುತ್ತದೆ, ಯಾರು ಹೇಳಿದರೆ ಚೆನ್ನ ಎಂದು ಕೇಳಬಹುದು. ಮನೆಯವರಿಗೇ ಬಿಡುತ್ತೇನೆ ಎಂದು ಅವಳೇ ಹೇಳಿದರೆ ಅದೂ ಒಂದು ಸ್ವ-ನಿರ್ಧಾರವೇ.

ಮಕ್ಕಳ ಹೆಗಲಿಗೆ ಹೊರಿಸಿ ಕೈ ತೊಳೆದುಕೊಂಡವರು

ಇಷ್ಟು ಹೊಗಳಿದ ಮೇಲೆ ಕಹಿ ಭಾಗಕ್ಕೆ ಬರಲೇಬೇಕು. ತಂದೆತಾಯಿಯ ಸೇವೆ, ಅಂದರೆ 'ಶಿಯಾವ್', ಕನ್‌ಫ್ಯೂಷಿಯನ್ ಮೌಲ್ಯಗಳಲ್ಲೇ ಹೆಚ್ಚು ದುರುಪಯೋಗವಾದದ್ದು. ಮಕ್ಕಳಿಗೆ ಪಾಠವಾಗಿ ಹೇಳುತ್ತಿದ್ದ 24 ಮಾತೃಪಿತೃ ಭಕ್ತರ ಕತೆಗಳಲ್ಲಿ ಕುವೊ ಜು ಎಂಬ ಬಡವನದೂ ಒಂದು. ಮನೆಯಲ್ಲಿ ಅನ್ನ ಸಾಲದು. ಅಜ್ಜಿ ತನ್ನ ಪಾಲನ್ನು ಮೂರು ವರ್ಷದ ಮೊಮ್ಮಗನಿಗೆ ಕೊಡುತ್ತಾಳೆ. ತಾಯಿ ಉಪವಾಸ ಇರಬಾರದು ಎಂದು ಕುವೊ ಜು ಮಗನನ್ನು ಜೀವಂತ ಹೂಳಲು ಗುಂಡಿ ತೋಡುತ್ತಾನೆ. ಗುಂಡಿಯಲ್ಲಿ ಚಿನ್ನ ಸಿಕ್ಕಿ ಮಗು ಉಳಿಯುತ್ತದೆ. ಬಾಲ್ಯದಲ್ಲಿ ಈ ಕತೆ ಓದಿ ಹೆದರಿದ್ದನ್ನು ಲೇಖಕ ಲು ಶುನ್ ಮರೆಯಲಿಲ್ಲ. ಹಳೆಯ ಸಂಪ್ರದಾಯದ ವಿರುದ್ಧ ಎದ್ದ 1919ರ ಮೇ ನಾಲ್ಕರ ಚಳವಳಿಯ ತಲೆಮಾರು ಕನ್‌ಫ್ಯೂಷಿಯಸ್‌ನ ಅಂಗಡಿಯನ್ನೇ ಮುಚ್ಚಬೇಕು ಎಂದದ್ದು ಸುಮ್ಮನೆ ಅಲ್ಲ. ಹೆಣ್ಣುಮಕ್ಕಳಿಗಂತೂ ಆ ಮನೆ ಬಂದೀಖಾನೆಯೇ ಆಗಿತ್ತು. ಮನೆಯ ಹುಳುಕು ಬೀದಿಗೆ ಬರಬಾರದು ಎಂಬ ಗಾದೆ ಚೀನಾದಲ್ಲೂ ಇದೆ. ಹೊಡೆಸಿಕೊಂಡ ಹೆಂಡತಿಯನ್ನು ಸಾಮರಸ್ಯದ ಹೆಸರಿನಲ್ಲಿ ವಾಪಸ್ ಕಳಿಸಿದವರ ಪಟ್ಟಿಯಲ್ಲಿ ಹಿರಿಯರು, ಪೊಲೀಸರು ಇದ್ದಾರೆ. ಕೌಟುಂಬಿಕ ದೌರ್ಜನ್ಯದ ವಿರುದ್ಧ ಚೀನಾದಲ್ಲಿ ಪ್ರತ್ಯೇಕ ಕಾನೂನು ಜಾರಿಯಾದದ್ದು 2016ರಲ್ಲಿ.

ತೈವಾನಿನ ಮನಶ್ಶಾಸ್ತ್ರಜ್ಞ ಯೆ ಕುವಾಂಗ್-ಹುಯಿ ಮತ್ತು ಓಲ್ವೆನ್ ಬೆಡ್‌ಫರ್ಡ್ 2003ರಲ್ಲಿ ಕೊಟ್ಟ ಒಂದು ವಿಂಗಡಣೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಸೇವೆಯಲ್ಲಿ ಎರಡು ಬಗೆ. ಅವರು ನನ್ನನ್ನು ನೋಡಿಕೊಂಡರು, ನಾನು ಅವರನ್ನು ನೋಡಿಕೊಳ್ಳುತ್ತೇನೆ ಎಂಬ ಪ್ರೀತಿಯಿಂದ ಬಂದದ್ದು ಒಂದು. ಅಪ್ಪ ಹೇಳಿದ ಮೇಲೆ ಮುಗಿಯಿತು ಎಂಬ ಅಧಿಕಾರದಿಂದ ಬಂದದ್ದು ಇನ್ನೊಂದು. ಒಂದೇ ಮನೆಯಲ್ಲಿ ಎರಡೂ ಇರಬಹುದು. ಮೊದಲನೆಯದು ಸಾಮಾನ್ಯವಾಗಿ ಮನಸ್ಸಿಗೆ ಒಳ್ಳೆಯದು ಮಾಡುತ್ತದೆ. ಎರಡನೆಯದು ಹಿಂಡುತ್ತದೆ. ಮಾವನ ಆರೈಕೆಯಲ್ಲಿ ಬಸವಳಿದ ಸೊಸೆಯ ಮುಂದೆ ಕೂತ ಕಾರ್ಯಕರ್ತೆ ಇವೆರಡನ್ನು ಬೇರೆ ಮಾಡಿ ನೋಡಲು ಕಲಿತರೆ ಅರ್ಧ ಕೆಲಸ ಆದಂತೆ.

ಸರ್ಕಾರಗಳು ಮಾಡಿದ್ದು ಇನ್ನೂ ಸ್ವಾರಸ್ಯ. ಸಿಂಗಪುರ 1995ರಲ್ಲಿ ತಂದೆತಾಯಿಯ ಜೀವನಾಂಶಕ್ಕೆ ಕಾನೂನು ತಂತು. ನಮ್ಮ ಸಂಸತ್ತೂ 2007ರಲ್ಲಿ ಅಂಥದ್ದೇ ಕಾಯ್ದೆ ಮಾಡಿತು, ಕನ್‌ಫ್ಯೂಷಿಯಸ್‌ನ ಹಂಗಿಲ್ಲದೆಯೇ. ಚೀನಾದಲ್ಲಿ 2013ರ ಜುಲೈ 1ರಿಂದ, ದೂರ ಇರುವ ಮಕ್ಕಳು ಆಗಾಗ ಬಂದು ತಂದೆತಾಯಿಯನ್ನು ನೋಡಬೇಕು ಎಂಬುದು ಕಾನೂನಿಗೇ ಸೇರಿತು. ಗೌರವವಿಲ್ಲದ ಊಟಕ್ಕೆ ಕುದುರೆಯ ಉದಾಹರಣೆ ಕೊಟ್ಟವನು ಕೋರ್ಟಿನ ಆದೇಶ ಹಿಡಿದು ಬಂದ ಮಗಳನ್ನು ನೋಡಿ ಏನೆನ್ನುತ್ತಿದ್ದನೋ.

ದಕ್ಷಿಣ ಕೊರಿಯಾದ ಕತೆ ಎಲ್ಲಕ್ಕಿಂತ ಕಠೋರ. 2000ದಲ್ಲಿ ಜಾರಿಯಾದ ಅಲ್ಲಿನ ಬಡವರ ಸಹಾಯ ಯೋಜನೆಯಲ್ಲಿ ಒಂದು ಷರತ್ತಿತ್ತು. ದುಡಿಯುವ ಮಗ ಅಥವಾ ಮಗಳಿದ್ದರೆ, ಅವರ ಆದಾಯ ಒಂದು ಮಟ್ಟ ದಾಟಿದ್ದರೆ, ಮುದುಕರಿಗೆ ಸಹಾಯಧನವಿಲ್ಲ. ಮಗ ನಿಜವಾಗಿ ದುಡ್ಡು ಕೊಡುತ್ತಾನೋ, ಮುಖ ನೋಡಿ ವರ್ಷಗಳೇ ಆದವೋ, ಅದೆಲ್ಲ ಆಮೇಲಿನ ಮಾತು. ಸಂಬಂಧ ಕಡಿದು ಹೋಗಿದೆ ಎಂದು ಸಾಬೀತು ಮಾಡಲು ಅಜ್ಜಿ ಕಚೇರಿಗೆ ಅಲೆಯಬೇಕು. ಮಗ ತನ್ನನ್ನು ಬಿಟ್ಟಿದ್ದಾನೆ ಎಂದು ಕಾಗದದಲ್ಲಿ ಬರೆದುಕೊಡುವುದಕ್ಕಿಂತ ಹಸಿದಿರುವುದೇ ವಾಸಿ ಎಂದು ಎಷ್ಟೋ ಮಂದಿ ಅರ್ಜಿಯನ್ನೇ ಹಾಕಲಿಲ್ಲ. ಕೊರಿಯಾದ ಹಿರಿಯರಲ್ಲಿ ಬಡತನ ಶೇ. 40ರ ಆಸುಪಾಸು, ಶ್ರೀಮಂತ ದೇಶಗಳ ಸಾಲಿನಲ್ಲಿ ತೀರಾ ಹೆಚ್ಚು. ಪಿಂಚಣಿ ಯೋಜನೆ 1988ರಲ್ಲಷ್ಟೇ ಶುರುವಾದದ್ದೂ ಇದಕ್ಕೆ ಕಾರಣ. ಆದರೆ ಮಕ್ಕಳಿದ್ದಾರಲ್ಲ ಎಂಬ ಸರ್ಕಾರಿ ನೆಮ್ಮದಿಯ ಪಾಲೂ ಇದೆ. ಹೋರಾಟಗಾರರು, ಸಮಾಜ ಕಾರ್ಯಕರ್ತರು ವರ್ಷಗಟ್ಟಲೆ ಗಲಾಟೆ ಮಾಡಿದ ಮೇಲೆ ಜೀವನಾಧಾರ ಸಹಾಯಧನದ ಮಟ್ಟಿಗೆ 2021ರ ಅಕ್ಟೋಬರ್‌ನಲ್ಲಿ ಆ ಷರತ್ತು ಬಹುಪಾಲು ಹೋಯಿತು.

ಇದೆಲ್ಲ ಕನ್‌ಫ್ಯೂಷಿಯನ್ ಪರಂಪರೆಯ ಹೆಸರಿನಲ್ಲಿ ನಡೆಯುತ್ತದೆ ಎಂಬುದೇ ವಿಚಿತ್ರ. ಮೆನ್ಸಿಯಸ್ ಏನು ಹೇಳಿದ ನೋಡಿ. ಹೆಂಡತಿಯಿಲ್ಲದ ಮುದುಕ, ಗಂಡನಿಲ್ಲದ ಮುದುಕಿ, ಮಕ್ಕಳಿಲ್ಲದ ವೃದ್ಧರು, ತಂದೆಯಿಲ್ಲದ ಮಗು, ಈ ನಾಲ್ವರಿಗೆ ಹೇಳಿಕೊಳ್ಳಲು ಯಾರೂ ಇಲ್ಲ, ಒಳ್ಳೆಯ ದೊರೆ ಆಡಳಿತ ಶುರು ಮಾಡುವುದೇ ಇವರಿಂದ. ಹೇಳಿದ್ದು ಮಕ್ಕಳಿಗಲ್ಲ, ಛೀ ರಾಜ್ಯದ ದೊರೆ ಶ್ವೆನ್‌ಗೆ. ನಿನ್ನ ಮನೆಯ ಹಿರಿಯರಿಗೆ ಕೊಡುವ ಗೌರವವನ್ನು ಬೇರೆಯವರ ಮನೆಯ ಹಿರಿಯರಿಗೂ ಹಿಗ್ಗಿಸು ಎಂದದ್ದೂ ಅವನಿಗೇ. ಆಮೇಲೆ ಒಂದು ದಿನ ಮೆನ್ಸಿಯಸ್ ದೊರೆಯನ್ನು ಕೇಳಿದ: ಒಬ್ಬ ಊರಿಗೆ ಹೋಗುವಾಗ ಹೆಂಡತಿ ಮಕ್ಕಳನ್ನು ಗೆಳೆಯನಿಗೆ ಒಪ್ಪಿಸಿ ಹೋದ, ಬಂದು ನೋಡಿದರೆ ಹಸಿವು ಚಳಿಯಲ್ಲಿ ನರಳುತ್ತಿದ್ದಾರೆ, ಆ ಗೆಳೆಯನನ್ನು ಏನು ಮಾಡಬೇಕು? ಅವನ ಸ್ನೇಹವನ್ನೇ ಬಿಡಬೇಕು ಎಂದ ದೊರೆ. ಕೈಕೆಳಗಿನವರನ್ನು ಹದ್ದುಬಸ್ತಿನಲ್ಲಿ ಇಡಲಾರದ ಅಧಿಕಾರಿಯನ್ನು? ಕಿತ್ತು ಹಾಕಬೇಕು. ದೇಶದ ಆಡಳಿತವೇ ಕೆಟ್ಟಿದ್ದರೆ? ದೊರೆ ಎಡಕ್ಕೂ ಬಲಕ್ಕೂ ನೋಡಿ ಮಾತು ಬದಲಿಸಿದ ಎಂದು ಪಠ್ಯ ಹೇಳುತ್ತದೆ.

ಮಾತಿಗೇ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. ಫಾನ್ ಚುಂಗ್‌ಯೆನ್ ಎಂಬ ಅಧಿಕಾರಿ 1050ರ ಹೊತ್ತಿಗೆ ಸುಚೌನಲ್ಲಿ ಜಮೀನು ಬಿಟ್ಟು, ಅದರ ಉತ್ಪನ್ನದಿಂದ ಕುಲದ ಬಡವರಿಗೆ ಅಕ್ಕಿ, ಬಟ್ಟೆ, ಮದುವೆ ಮತ್ತು ಶವಸಂಸ್ಕಾರದ ಖರ್ಚು ಸಿಗುವಂತೆ ಮಾಡಿದ. 12ನೇ ಶತಮಾನದಲ್ಲಿ ತತ್ತ್ವಜ್ಞಾನಿ ಚು ಶಿ ಬರಗಾಲ ಕಂಡ ಮೇಲೆ ಫುಜಿಯೆನ್‌ನಲ್ಲಿ ಊರಿನ ಕಣಜ ಕಟ್ಟಿ ಧಾನ್ಯ ಸಾಲ ಕೊಡಿಸಿದ. ಫಾನ್‌ನದು ಕುಲಕ್ಕಷ್ಟೇ, ಚು ಶಿಯದು ಊರಿಗೆಲ್ಲ. ಅಲೆ ಎಷ್ಟು ದೂರ ಹೋಗಬೇಕು ಎಂಬ ಜಗಳ ಈ ಪರಂಪರೆಯ ಒಳಗೇ ಇದೆ.

ಇನ್ನೊಂದು ಎಚ್ಚರ. ಚೀನಾದವರೆಲ್ಲ ಕನ್‌ಫ್ಯೂಷಿಯನ್ನರಲ್ಲ. ಅಲ್ಲಿ ಬೌದ್ಧರಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ, ಯಾವುದೂ ಬೇಡ ಅನ್ನುವವರಂತೂ ಬಹಳ. 1966ರಲ್ಲಿ ಮಾವೋನ ಯುವ ಪಡೆಯಾದ ರೆಡ್ ಗಾರ್ಡ್‌ಗಳು ಕನ್‌ಫ್ಯೂಷಿಯಸ್‌ನ ಊರಾದ ಚ್ಯುಫುವಿಗೇ ನುಗ್ಗಿ ಗುಡಿ ಸಮಾಧಿಗಳನ್ನು ಹಾಳು ಮಾಡಿದ್ದರು. ಈಗ ಅದೇ ಕನ್‌ಫ್ಯೂಷಿಯಸ್ ಸರ್ಕಾರಕ್ಕೆ ಬೇಕಾದವನು. ಸಾಮರಸ್ಯ ಎಂಬ ಅವನ ಮಾತು ಬ್ಯಾನರ್‌ಗಳ ಮೇಲಿದೆ. ಸಾಮರಸ್ಯ ಬೇರೆ, ಎಲ್ಲರೂ ಒಂದೇ ರಾಗ ಹಾಡುವುದು ಬೇರೆ ಎಂದು ಅವನೇ ಹೇಳಿದ್ದು ಬ್ಯಾನರ್‌ಗೆ ಬರುವುದು ಕಡಿಮೆ.

ಈಗ ಈ ಅಧ್ಯಯನಕ್ಕೆ ಹೊಸ, ಕಠಿಣ ಸವಾಲು ಬಂದಿರುವುದು ಚೀನಾದ ಒಂದೇ ಮಗುವಿನ ನೀತಿಯಿಂದ. 1980ರ ಸುಮಾರಿಗೆ ಶುರುವಾಗಿ 2015ರವರೆಗೆ ನಡೆದ ನೀತಿ ಅದು. ಆ ಒಂದೇ ಮಗುವೂ ಅಪಘಾತದಲ್ಲೋ ಕಾಯಿಲೆಯಲ್ಲೋ ತೀರಿಕೊಂಡ ತಂದೆತಾಯಿಗಳಿದ್ದಾರೆ. ಅಂಥವರನ್ನು ಅಲ್ಲಿ 'ಶಿದು' ಎನ್ನುತ್ತಾರೆ. ಅವರು ಮೆನ್ಸಿಯಸ್ ಪಟ್ಟಿಯ ಮೂರನೆಯವರು, ಸರ್ಕಾರದ ಮಾತು ಕೇಳಿ ಹಾಗಾದವರು. ಅವರ ದುಃಖ ಬರೀ ಮಗುವಿನದಲ್ಲ. ತಮ್ಮ ನಂತರ ಸಮಾಧಿ ಗುಡಿಸುವವರಿಲ್ಲ, ವಂಶದ ದಾರ ತಮ್ಮಲ್ಲೇ ಕಡಿಯಿತು ಎಂಬ ಸಂಕಟವೂ ಹೌದು. ಹಬ್ಬ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ವೃದ್ಧಾಶ್ರಮಕ್ಕೆ ಹೋದರೆ ಜಾಮೀನಿಗೆ ಮಗನ ಸಹಿ ಕೇಳುತ್ತಾರೆ, ಆಪರೇಷನ್ ಅಂದರೆ ಅಲ್ಲೂ ಅದೇ. ಸಮಾಜ ಕಾರ್ಯಕರ್ತರು ಇವರನ್ನು ಸೇರಿಸಿ ಗುಂಪು ಕಟ್ಟುತ್ತಾರೆ, ಹಬ್ಬವನ್ನು ಒಟ್ಟಿಗೆ ಕಳೆಯುವಂತೆ ಮಾಡುತ್ತಾರೆ. ಸಹಿಯ ಸಮಸ್ಯೆಗೆ ನಿಯಮ ತಿದ್ದಿದರೆ ಸಾಕು. ಎಡೆ ಇಡುವವರು ಯಾರು ಎಂಬುದಕ್ಕೆ ಆ ಗುಂಪುಗಳೇ ಏನಾದರೂ ಹೊಸ ರೀತಿ-ರಿವಾಜು ಕಂಡುಕೊಳ್ಳಬೇಕಾಗಿದೆ.